ಎರಡನೆಯ ರಕ್ತವಾಂತಿಗೆ ಮುಂಚೆ

ಮೊದಲ ಸಲ ದೊಡ್ಡಪ್ಪ ರಕ್ತ ಕಾರಿಕೊಂಡದ್ದು ಮೆಣಸು ಕೊಯ್ಲಿನ ಕಾಲದಲ್ಲಿ, ಮಟಮಟ ಮಧ್ಯಾಹ್ನ. ವಯನಾಡಿನ ಕಾಟ್ಟಿಕುಳಂ ಹತ್ತಿರ ಅವರದು ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗಡೆ ಸ್ವಲ್ಪ ಗದ್ದೆ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಹಗಲು ಹೊತ್ತಾದ್ದರಿಂದ ಪಕ್ಕದ ಮನೆಯವರ ಜೀಪು ಸಿಕ್ಕಿತು, ರಸ್ತೆ ತೆರೆದಿತ್ತು, ಆಸ್ಪತ್ರೆಯಲ್ಲಿ ಡಾಕ್ಟರೂ ಇದ್ದರು. ಉಳಿದುಕೊಂಡರು. ಆರನೆಯ ದಿನ ಮನೆಗೆ ಬಂದರು, ತಿಂಗಳೊಪ್ಪತ್ತಿನಲ್ಲಿ ತೋಟಕ್ಕೂ ಇಳಿದರು. ನೋಡಲು ಬಂದವರೆಲ್ಲ ದೇವರು ದೊಡ್ಡವನು ಅಂದರು.

ಎರಡನೆಯ ಸಲ ರಕ್ತ ಬಂದದ್ದು ಆಷಾಢದ ಒಂದು ರಾತ್ರಿ. ಹೊರಗೆ ಬಿಡದೆ ಸುರಿಯುವ ಮಳೆ. ಮೈಸೂರಿನ ಕಡೆಗೆ ಹೋಗುವ ಬಾವಲಿ ರಸ್ತೆಯ ಗೇಟು ಸಂಜೆ ಆರಕ್ಕೇ ಬಿದ್ದಿತ್ತು. ಮಾನಂತವಾಡಿಯ ಆಸ್ಪತ್ರೆಯಿಂದ ಕೋಯಿಕ್ಕೋಡಿಗೆ ಕಳಿಸಿದರು. ಲಕ್ಕಿಡಿ ದಾಟಿ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಆಂಬುಲೆನ್ಸ್ ಇಳಿಯುವಾಗ ದೊಡ್ಡಮ್ಮ ಒಂದು ಕೈಯಲ್ಲಿ ಅವರ ತಲೆ, ಇನ್ನೊಂದು ಕೈಯಲ್ಲಿ ಬೇಸಿನ್ ಹಿಡಿದು ಕೂತಿದ್ದರು. ಆ ಸಲವೂ ಉಳಿದರು, ಆದರೆ ಕೂದಲೆಳೆಯಲ್ಲಿ.

ಎರಡು ಸಲದ ನಡುವೆ ಐದು ತಿಂಗಳಿದ್ದವು. ಆ ಐದು ತಿಂಗಳಲ್ಲಿ ಮಾಡಬೇಕಾಗಿದ್ದ ಕೆಲಸ ಮೂರೇ. ಅವು ಯಾವುವೆಂದು ಬಿಡುಗಡೆ ಚೀಟಿಯಲ್ಲಿ ಬರೆದೂ ಇತ್ತು. ಒಂದೂ ಪೂರ್ತಿ ಆಗಲಿಲ್ಲ. ಹಣವಿರಲಿಲ್ಲವೆಂದಲ್ಲ, ಪ್ರೀತಿಯಿರಲಿಲ್ಲವೆಂದೂ ಅಲ್ಲ. ಈ ಕಾಯಿಲೆಯ ಸ್ವಭಾವ ನಮಗೆ ಯಾರಿಗೂ ಅರ್ಥವಾಗಿರಲಿಲ್ಲ. ಆಗ ಯಾರಾದರೂ ನಮ್ಮ ಮಾತಿನಲ್ಲಿ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಮಾನಂತವಾಡಿ ಹೊಳೆ, ಪನಮರಂ ಹೊಳೆ ಕೂಡಿ ಕಬಿನಿಯಾಗಿ ಪೂರ್ವಕ್ಕೆ ಹರಿದು ಕರ್ನಾಟಕ ಸೇರುತ್ತದೆ, ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟಿಗೆ ನಿಲ್ಲುತ್ತದೆ. ಅಣೆಕಟ್ಟು ತುಂಬಿದಾಗ ನೀರು ಹಿಂದಕ್ಕೆ ಒತ್ತುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿದ್ದ ಹಳ್ಳ ಕೊರಕಲುಗಳೆಲ್ಲ ಹಿನ್ನೀರು ಏರಿ ತುಂಬಿಕೊಳ್ಳುತ್ತವೆ. ದೊಡ್ಡಪ್ಪನಂತೆ ಸಿರೋಸಿಸ್ ಎಂಬ ಲಿವರ್ ಕಾಯಿಲೆ ಆದವರ ಹೊಟ್ಟೆಯೊಳಗೆ ನಡೆಯುವುದೂ ಇದೇ.

ಹೊಟ್ಟೆ, ಕರುಳು, ಗುಲ್ಮಗಳಿಂದ ಬರುವ ರಕ್ತವೆಲ್ಲ ಪೋರ್ಟಲ್ ಸಿರೆ ಎಂಬ ದೊಡ್ಡ ರಕ್ತನಾಳದಲ್ಲಿ ಕೂಡಿ ಲಿವರಿಗೆ ಹೋಗುತ್ತದೆ. ಲಿವರಿನ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬರುವುದು ಈ ಸಿರೆಯಿಂದಲೇ. ಆರೋಗ್ಯವಂತ ಲಿವರ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ, ಇಷ್ಟು ರಕ್ತವನ್ನು ಹೆಚ್ಚು ಒತ್ತಡವಿಲ್ಲದೆ ಹಾದುಹೋಗಲು ಬಿಡುತ್ತದೆ. ವರ್ಷಗಟ್ಟಲೆ ಕುಡಿತದಿಂದಲೋ, ಹೆಪಟೈಟಿಸ್ ಬಿ, ಸಿ ವೈರಾಣುಗಳಿಂದಲೋ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನಿಂದಲೋ ಲಿವರಿಗೆ ಮೇಲಿಂದ ಮೇಲೆ ಗಾಯವಾದರೆ, ಗಾಯ ಮಾದ ಜಾಗದಲ್ಲೆಲ್ಲ ನಾರು ಕಟ್ಟುತ್ತದೆ. ನಾರು ಹೆಚ್ಚಿ ಲಿವರ್ ಗಂಟುಗಂಟಾಗಿ ಗಡುಸಾಗುವುದೇ ಸಿರೋಸಿಸ್. ಗೇಟುಗಳಿಗೆ ಹೂಳು ತುಂಬಿದ ಅಣೆಕಟ್ಟು ಎನ್ನಿ. ಹಿಂದಿನಿಂದ ರಕ್ತ ಬರುತ್ತಲೇ ಇರುತ್ತದೆ, ಮುಂದಕ್ಕೆ ದಾರಿ ಇಲ್ಲ.

ಆಗ ಹಿನ್ನೀರು ಏರುತ್ತದೆ. ಲಿವರಿನ ಆಚೆಗೂ ಈಚೆಗೂ ಇರುವ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 5 ಮಿಲಿಮೀಟರ್ ಪಾದರಸ ದಾಟುವುದಿಲ್ಲ. ಅದು 10ಕ್ಕೆ ಮುಟ್ಟಿದರೆ ರಕ್ತ ಅಡ್ಡದಾರಿ ಹುಡುಕುತ್ತದೆ. ಮೊದಲೇ ಇದ್ದ, ನೂಲಿನಷ್ಟು ಸಣ್ಣ ನಾಳಗಳು ಹಳ್ಳ ತುಂಬಿದಂತೆ ತುಂಬಿ ಉಬ್ಬುತ್ತವೆ. ಅನ್ನನಾಳದ ಕೆಳತುದಿಯಲ್ಲಿ, ತೆಳು ಪೊರೆಯ ಕೆಳಗೆ ಹೀಗೆ ಉಬ್ಬಿದ ನಾಳಗಳನ್ನೇ ಡಾಕ್ಟರುಗಳು ವೇರಿಸಿಸ್ ಅನ್ನುತ್ತಾರೆ. ಒತ್ತಡ 12 ದಾಟಿದರೆ ಅವು ಒಡೆಯುವ ಅಪಾಯ. ಒಡೆದರೆ ನೋವಿಲ್ಲ, ಮುನ್ಸೂಚನೆಯಿಲ್ಲ. ಹೊಟ್ಟೆಯಲ್ಲಿ ಏನೋ ತೊಳಸಿದಂತಾಗುತ್ತದೆ, ಮರುಕ್ಷಣವೇ ಬೇಸಿನ್ ತುಂಬ ರಕ್ತ.

ಸಿರೋಸಿಸ್ ಇದೆಯೆಂದು ಗೊತ್ತಾಗುವ ಹೊತ್ತಿಗೇ ಸುಮಾರು ಅರ್ಧದಷ್ಟು ಜನರಲ್ಲಿ ಈ ಉಬ್ಬು ನಾಳಗಳು ಮೂಡಿರುತ್ತವೆ. ಒಮ್ಮೆ ರಕ್ತಸ್ರಾವವಾದರೆ ಆರು ವಾರದೊಳಗೆ ನೂರಕ್ಕೆ 15ರಿಂದ 20 ಮಂದಿ ತೀರಿಕೊಳ್ಳುತ್ತಾರೆ. ಇದು ಇಂದಿನ ಒಳ್ಳೆಯ ಚಿಕಿತ್ಸೆ ಸಿಕ್ಕಿದವರ ಲೆಕ್ಕ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೇ ಹೋದ ಲೆಕ್ಕ ಇನ್ನೊಂದಿದೆ. ಬದುಕಿ ಮನೆಗೆ ಬಂದವರು ಮುಂದಿನ ಚಿಕಿತ್ಸೆ ತೆಗೆದುಕೊಳ್ಳದಿದ್ದರೆ, ಒಂದೆರಡು ವರ್ಷದೊಳಗೆ ನೂರಕ್ಕೆ ಸುಮಾರು 60 ಮಂದಿಗೆ ಮತ್ತೆ ರಕ್ತಸ್ರಾವವಾಗುತ್ತದೆ. ಮೂವರಲ್ಲಿ ಒಬ್ಬರು ಸಾಯುತ್ತಾರೆ. ಮೊದಲ ಆರು ವಾರಗಳಂತೂ ಬಹಳ ಸೂಕ್ಷ್ಮ. ಅಂದರೆ ಮನೆಗೆ ಬಂದ ದಿನ ಕಾಯಿಲೆ ಮುಗಿದಿರುವುದಿಲ್ಲ. ಒಡೆದ ಒಂದು ನಾಳ ಮುಚ್ಚಿರುತ್ತದೆ, ಅಷ್ಟೆ. ಪಕ್ಕದ ನಾಳಗಳು ಹಾಗೇ ಇರುತ್ತವೆ, ಹಿನ್ನೀರೂ ಹಾಗೇ ಇರುತ್ತದೆ.

ಆಸ್ಪತ್ರೆಯ ಆ ಮೊದಲ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮವರು ಅಲ್ಲಿ ಡಾಕ್ಟರ ಜೊತೆ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ರಕ್ತ ಕಾರಿಕೊಂಡವರಿಗೆ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಎಂಬ, ಪೋರ್ಟಲ್ ಒತ್ತಡ ಇಳಿಸುವ ಔಷಧ ಕೊಡುತ್ತಾರೆ. ಸೋಂಕು ತಡೆಯಲು ಆಂಟಿಬಯೋಟಿಕ್ ಕೊಡುತ್ತಾರೆ. ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ನಾಳಕ್ಕೆ ಬ್ಯಾಂಡ್ ಹಾಕುತ್ತಾರೆ. ಆದರೆ ರಕ್ತವನ್ನು ಕೈ ಬಿಗಿಹಿಡಿದು ಕೊಡುತ್ತಾರೆ. ಹೀಮೊಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ಮಾತ್ರ ಕೊಟ್ಟು, 7ರಿಂದ 8ರ ಮಟ್ಟದಲ್ಲಿ ಇರಿಸಿಕೊಳ್ಳುತ್ತಾರೆ. ಅಷ್ಟು ರಕ್ತ ಹೋಗಿದೆ, ಇನ್ನೆರಡು ಬಾಟಲಿ ಹಾಕಬಾರದೇ ಎಂದು ಮನೆಯವರಿಗೆ ಸಂಕಟ. 2013ರಲ್ಲಿ ಬಾರ್ಸಿಲೋನಾದ ವೈದ್ಯರು 921 ಮಂದಿ ರೋಗಿಗಳನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತವನ್ನು ಬಿಗಿಹಿಡಿದು ಕೊಟ್ಟ ಗುಂಪಿನಲ್ಲಿ ಆರು ವಾರಕ್ಕೆ ಶೇಕಡಾ 95 ಜನ ಬದುಕಿದ್ದರು, ಧಾರಾಳವಾಗಿ ಕೊಟ್ಟ ಗುಂಪಿನಲ್ಲಿ ಶೇಕಡಾ 91. ತುಂಬಿ ನಿಂತ ಅಣೆಕಟ್ಟಿಗೆ ಮತ್ತೆ ನೀರು ಬಿಟ್ಟರೆ ಹಿನ್ನೀರೇ ತಾನೆ ಏರುವುದು. ಡಾಕ್ಟರು ರಕ್ತ ಕೊಡಲು ಹಿಂದೆಮುಂದೆ ನೋಡಿದರೆ ಅದು ಅಸಡ್ಡೆಯಲ್ಲ.

ಇನ್ನು ಆ ಐದು ತಿಂಗಳಿಗೆ ಬರುತ್ತೇನೆ.

ಮೊದಲ ಕೆಲಸ ಮಾತ್ರೆ. ದೊಡ್ಡಪ್ಪನಿಗೆ ಬರೆದುಕೊಟ್ಟಿದ್ದ ಮಾತ್ರೆಗಳಲ್ಲಿ ಒಂದು ಪ್ರೊಪ್ರನಲಾಲ್. ಬೆಳಗ್ಗೆ ಒಂದು, ರಾತ್ರಿ ಒಂದು. ಮೊದಲ ತಿಂಗಳ ಮಾತ್ರೆ ಮುಗಿದಾಗ ಅಂಗಡಿಯಲ್ಲಿ ಚೀಟಿ ತೋರಿಸಿದರು. ಇದು ಹಾರ್ಟಿನ ಮಾತ್ರೆ ಎಂದು ಯಾರೋ ಹೇಳಿದರಂತೆ. ಮನೆಗೆ ಬಂದು ದೊಡ್ಡಮ್ಮನಿಗೆ ಅಂದರು: “ನಂಗೆ ಹಾರ್ಟ್ ಚೆನ್ನಾಗಿದೆ ಕಣೇ, ಕೆಟ್ಟಿರೋದು ಲಿವರ್. ಇದ್ಯಾಕೆ ನುಂಗಲಿ?” ಅದನ್ನು ತೆಗೆದುಕೊಂಡಾಗ ಸ್ವಲ್ಪ ಸುಸ್ತು, ಎದ್ದರೆ ತಲೆ ಹಗುರವಾದಂತೆ ಬೇರೆ ಆಗುತ್ತಿತ್ತು. ಬಿಟ್ಟರು. ಬಿಟ್ಟ ಮೇಲೆ ಮೈ ಹಗುರಾಯಿತು. ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಎಲ್ಲರೂ ಅಂದುಕೊಂಡೆವು.

ಅದು ಹೃದಯಕ್ಕೆಂದು ಹುಟ್ಟಿದ ಮಾತ್ರೆಯೇ ಹೌದು. ಸ್ಕಾಟ್‌ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಆರಂಭದಲ್ಲಿ ಎದೆನೋವಿನವರಿಗಾಗಿ ಅದನ್ನು ರೂಪಿಸಿದರು, ಆ ಬಗೆಯ ಕೆಲಸಕ್ಕೆ 1988ರಲ್ಲಿ ಅವರಿಗೆ ನೊಬೆಲ್ ಬಂತು. ಅದನ್ನು ಲಿವರ್ ರೋಗಿಗಳ ಕಡೆಗೆ ತಿರುಗಿಸಿದವರು ಪ್ಯಾರಿಸ್ ಪಕ್ಕದ ಕ್ಲಿಶಿಯ ಬೋಜೊ ಆಸ್ಪತ್ರೆಯ ದಿದಿಯೆ ಲೆಬ್ರೆಕ್ ಮತ್ತು ಸಂಗಡಿಗರು. ಒಮ್ಮೆ ರಕ್ತಸ್ರಾವವಾಗಿ ಚೇತರಿಸಿಕೊಂಡ 74 ಸಿರೋಸಿಸ್ ರೋಗಿಗಳಲ್ಲಿ ಕೆಲವರಿಗೆ ಪ್ರೊಪ್ರನಲಾಲ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಒಂದು ವರ್ಷದ ಕೊನೆಗೆ ಮಾತ್ರೆ ನುಂಗಿದವರಲ್ಲಿ ಶೇಕಡಾ 96 ಮಂದಿಗೆ ಮತ್ತೆ ರಕ್ತ ಬಂದಿರಲಿಲ್ಲ, ಹುಸಿ ಮಾತ್ರೆಯವರಲ್ಲಿ ಶೇಕಡಾ 50 ಮಂದಿಗೆ ಮಾತ್ರ ಹಾಗಾಯಿತು. 1981ರಲ್ಲಿ ಪ್ರಕಟವಾದ ಫಲಿತಾಂಶ ಅದು. ಅವರ ರೋಗಿಗಳು ಅಷ್ಟೇನೂ ಹದಗೆಡದವರು, ಎಲ್ಲರಲ್ಲೂ ಅಷ್ಟೊಂದು ಫಲ ಕಾಣುವುದಿಲ್ಲ. ಆದರೂ ನಲವತ್ತು ವರ್ಷ ದಾಟಿದ ಮೇಲೂ ಇಂದಿನ ಚಿಕಿತ್ಸೆ ನಿಂತಿರುವುದು ಆ ಮಾತ್ರೆಯ ಮೇಲೆಯೇ.

ಅದು ಮಾಡುವ ಕೆಲಸ ಎರಡು. ಹೃದಯದ ಬಡಿತವನ್ನು ನಿಧಾನಿಸುತ್ತದೆ, ಆಗ ಕರುಳಿನ ಕಡೆಗೆ ಹೋಗುವ ರಕ್ತವೇ ಕಡಿಮೆ. ಕರುಳಿನ ರಕ್ತನಾಳಗಳನ್ನು ತುಸು ಬಿಗಿಸುತ್ತದೆ, ಆಗ ಪೋರ್ಟಲ್ ಸಿರೆಗೆ ಬಂದು ಸೇರುವ ರಕ್ತವೂ ಕಡಿಮೆ. ಅಣೆಕಟ್ಟಿನ ಹೂಳು ತೆಗೆಯಲಾಗದಿದ್ದರೂ ಒಳಹರಿವು ಇಳಿಸಿದಂತೆ. ಒತ್ತಡ 12ಕ್ಕಿಂತ ಕೆಳಗಿಳಿದರೆ, ಅಥವಾ ಮೊದಲಿದ್ದುದರ ಐದರಲ್ಲಿ ಒಂದು ಪಾಲಾದರೂ ಇಳಿದರೆ, ಮತ್ತೆ ಒಡೆಯುವ ಸಾಧ್ಯತೆ ಬಹಳ ಕುಗ್ಗುತ್ತದೆ. ಕಾರ್ವೆಡಿಲಾಲ್ ಎಂಬ ಅದೇ ಕುಲದ ಮಾತ್ರೆ ಲಿವರಿನೊಳಗಿನ ಬಿಗುವನ್ನೂ ಸ್ವಲ್ಪ ಸಡಿಲಿಸುತ್ತದೆ. ಈಗ ಅನೇಕ ಡಾಕ್ಟರುಗಳು ಅದನ್ನೇ ಬರೆಯುತ್ತಾರೆ. ಎರಡೂ ಹಳೆಯ, ಅಗ್ಗದ ಮಾತ್ರೆಗಳು. ಅಟೆನಲಾಲ್, ಮೆಟೊಪ್ರೊಲಾಲ್ ಕೂಡ ಅದೇ ಜಾತಿಯವಲ್ಲವೇ ಎಂದು ಅಂಗಡಿಯಲ್ಲಿ ಬದಲಿಸಿಕೊಂಡರೆ ಪ್ರಯೋಜನವಿಲ್ಲ. ಅವು ಹೃದಯದ ಮೇಲಷ್ಟೇ ಹೆಚ್ಚು ಕೆಲಸ ಮಾಡುತ್ತವೆ, ಕರುಳಿನ ನಾಳಗಳನ್ನು ಬಿಗಿಸುವುದಿಲ್ಲ.

ಈ ಮಾತ್ರೆಯ ಅಳತೆ ಎಲ್ಲರಿಗೂ ಒಂದೇ ಅಲ್ಲ. ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಪ್ರೊಪ್ರನಲಾಲ್ ಆದರೆ ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 55ರಿಂದ 60ಕ್ಕೆ ಇಳಿಯುವವರೆಗೆ ಹಂತ ಹಂತವಾಗಿ ಏರಿಸುತ್ತಾರೆ. ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿ ಯಾವ ಔಷಧಕ್ಕೂ ಬಗ್ಗದಿದ್ದರೆ, ಮೂತ್ರಪಿಂಡ ಸೋಲುತ್ತಿದ್ದರೆ ಅಳತೆ ಇಳಿಸಬೇಕು ಅಥವಾ ನಿಲ್ಲಿಸಬೇಕು. ಆಸ್ತಮಾ ಇದ್ದವರಿಗೆ ಕೊಡುವಂತಿಲ್ಲ. ಅದಕ್ಕೇ ಈ ಮಾತ್ರೆಯವರು ಮೇಲಿಂದ ಮೇಲೆ ಬಂದು ಬಿ.ಪಿ., ನಾಡಿ ತೋರಿಸಬೇಕು. ದೊಡ್ಡಪ್ಪನ ಸುಸ್ತಿಗೆ ಮದ್ದಿತ್ತು. ಅಳತೆ ಕಡಿಮೆ ಮಾಡಿ ನಿಧಾನವಾಗಿ ಏರಿಸಬಹುದಿತ್ತು, ಇಲ್ಲವೇ ಮಾತ್ರೆ ಬದಲಿಸಬಹುದಿತ್ತು. ತಾವೇ ದಿಢೀರನೆ ನಿಲ್ಲಿಸಿದ್ದು ಮಾತ್ರ ಕೆಟ್ಟದ್ದು. ಇಳಿಸಿಟ್ಟ ಒತ್ತಡ ಮತ್ತೆ ಏರಿತು, ಅವರಿಗೆ ಅದು ಗೊತ್ತಾಗುವ ಬಗೆಯೇ ಇರಲಿಲ್ಲ. ಪೋರ್ಟಲ್ ಒತ್ತಡ ಏರಿದರೆ ತಲೆನೋವೂ ಬರುವುದಿಲ್ಲ, ಎದೆನೋವೂ ಬರುವುದಿಲ್ಲ.

ಎರಡನೆಯ ಕೆಲಸ ಬ್ಯಾಂಡ್. ಮೂಲವ್ಯಾಧಿಗೆ ರಬ್ಬರ್ ಬಳೆ ಹಾಕಿ ಉದುರಿಸುವ ಪದ್ಧತಿ ಹಿಂದಿನಿಂದ ಇತ್ತು. ಅದನ್ನೇ ಅನ್ನನಾಳಕ್ಕೆ ತಂದವರು ಅಮೆರಿಕದ ಡೆನ್ವರಿನ ಶಸ್ತ್ರವೈದ್ಯ ಗ್ರೆಗ್ ಸ್ಟೀಗ್‌ಮನ್, 1980ರ ದಶಕದಲ್ಲಿ. ಅದಕ್ಕೂ ಮುಂಚೆ ನಾಳಕ್ಕೆ ಸೂಜಿ ಚುಚ್ಚಿ ಔಷಧ ಬಿಟ್ಟು ಗಟ್ಟಿಮಾಡುವ ಪದ್ಧತಿ ಇತ್ತು, ಸ್ವೀಡನ್ನಿನಲ್ಲಿ 1939ರಲ್ಲೇ ಮಾಡಿದ್ದರು. ಬ್ಯಾಂಡಿನಲ್ಲಿ ತೊಂದರೆ ಕಡಿಮೆ ಎಂದು 1992ರ ಹೊತ್ತಿಗೆ ಸ್ಪಷ್ಟವಾಯಿತು, ಸೂಜಿ ಹಿಂದೆ ಸರಿಯಿತು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಉಬ್ಬಿದ ನಾಳವನ್ನು ತುದಿಯ ಬಟ್ಟಲಿನೊಳಕ್ಕೆ ಹೀರಿ, ಬುಡಕ್ಕೆ ಪುಟ್ಟ ರಬ್ಬರ್ ಬಳೆ ಬಿಡುತ್ತಾರೆ. ರಕ್ತ ಸಿಗದ ಆ ಗಂಟು ಕೆಲವು ದಿನಗಳಲ್ಲಿ ಬಾಡಿ ಉದುರುತ್ತದೆ, ಅಲ್ಲೊಂದು ಹುಣ್ಣಾಗಿ ಮಾಯುತ್ತದೆ.

ಆದರೆ ಒಂದು ಸಲಕ್ಕೆ ಇದು ಮುಗಿಯುವುದಿಲ್ಲ, ನಾವು ಎಡವಿದ್ದೇ ಇಲ್ಲಿ. ನಾಳಗಳು ಸಾಲಾಗಿರುತ್ತವೆ. ಎಲ್ಲಕ್ಕೂ ಒಂದೇ ದಿನ ಬಳೆ ಹಾಕಲಾಗುವುದಿಲ್ಲ. ಒಂದರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುತ್ತ, ನಾಳಗಳು ಪೂರ್ತಿ ಅಡಗುವವರೆಗೆ ಮುಂದುವರಿಸಬೇಕು. ಆಮೇಲೂ ಮೂರರಿಂದ ಆರು ತಿಂಗಳಿಗೊಮ್ಮೆ ಇಣುಕಿ ನೋಡಬೇಕು, ಬಳಿಕ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಏಕೆಂದರೆ ಒತ್ತಡ ಇರುವ ತನಕ ಹೊಸ ನಾಳ ಹುಟ್ಟುತ್ತಿರುತ್ತದೆ. ದೊಡ್ಡಪ್ಪನ ಚೀಟಿಯ ಕೆಳಗಡೆ ಮೂರು ವಾರ ಬಿಟ್ಟು ಬರಬೇಕೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಯಾರೂ ಅದನ್ನು ಗಟ್ಟಿಯಾಗಿ ಓದಿ ಹೇಳಲಿಲ್ಲ. ಆಮೇಲೆ ಗಮನಿಸಿ ನಾನೇ ಫೋನು ಮಾಡಿದಾಗ ದೊಡ್ಡಮ್ಮ ಅಂದದ್ದು ನೆನಪಿದೆ: “ಈಗ ಗುಂಡುಕಲ್ಲಿನ ಹಂಗೆ ಇದ್ದಾರೆ ಮಗ. ಚೆನ್ನಾಗಿರೋರ ಗಂಟಲಿಗೆ ಮತ್ಯಾಕೆ ಆ ಪೈಪು ಇಳಿಸೋದು?” ನಾನೂ ಒತ್ತಾಯ ಮಾಡಲಿಲ್ಲ. ಆ ಹೊತ್ತಿಗೆ ನನಗೂ ಅದು ನ್ಯಾಯವಾದ ಮಾತಾಗಿಯೇ ಕಂಡಿತ್ತು.

ಮಾತ್ರೆ, ಬ್ಯಾಂಡ್ ಎರಡೂ ಜೊತೆಗಿರಬೇಕು ಎಂಬುದು ಈಗ ಜಗತ್ತಿನ ವೈದ್ಯರೆಲ್ಲ ಒಪ್ಪಿದ ಮಾತು. ಇಟಲಿಯ ಮಾಜ್ಜೋರೆ ಸರೋವರದ ದಡದ ಬಾವೆನೋ ಎಂಬ ಊರಿನಲ್ಲಿ 1990ರಲ್ಲಿ ಸೇರಿದ್ದ ತಜ್ಞರು ಆಗಾಗ ಮತ್ತೆ ಕೂಡಿ ಈ ಕಾಯಿಲೆಯ ಚಿಕಿತ್ಸೆಗೆ ಸೂತ್ರ ಹಾಕುತ್ತ ಬಂದಿದ್ದಾರೆ. 2021ರ ಅಕ್ಟೋಬರಿನಲ್ಲಿ ನಡೆದದ್ದು ಏಳನೆಯ ಸಭೆ. ಎರಡನೆಯ ರಕ್ತಸ್ರಾವ ತಡೆಯಲು ಅವರು ಹೇಳುವುದೂ ಈ ಜೋಡಿಯನ್ನೇ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಮಾತ್ರೆ ಅನ್ನುತ್ತೇನೆ. ಬಳೆ ಹಾಕಿದ್ದು ಒಂದು ಕೊರಕಲನ್ನು ಮುಚ್ಚಿದಂತೆ, ಮಾತ್ರೆ ಹಿನ್ನೀರನ್ನೇ ಇಳಿಸುತ್ತದೆ. ಲಿವರ್ ಹೆಚ್ಚು ಹದಗೆಟ್ಟವರಲ್ಲಿ ಬ್ಯಾಂಡನ್ನು ಮಾತ್ರ ನೆಚ್ಚಿಕೊಂಡರೆ ಸಾವು ಹೆಚ್ಚು ಎಂಬುದೂ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಜನರ ನಂಬಿಕೆ ಮಾತ್ರ ಇದಕ್ಕೆ ತಿರುವುಮುರುವು. ಮೆಷಿನ್ನಿನಲ್ಲಿ ಮಾಡಿದ್ದು ದೊಡ್ಡ ಚಿಕಿತ್ಸೆ, ದಿನವೂ ನುಂಗುವ ಅಗ್ಗದ ಗುಳಿಗೆ ಸಣ್ಣದು ಅಂದುಕೊಳ್ಳುತ್ತಾರೆ.

ಬ್ಯಾಂಡ್ ಹಾಕಿದ ಮೇಲಿನ ಹದಿನೈದು ದಿನ ಊಟದಲ್ಲಿ ಜಾಗ್ರತೆ ಬೇಕು. ಬಳೆ ಉದುರಿದ ಜಾಗದ ಹುಣ್ಣಿನಿಂದಲೂ ರಕ್ತ ಬರಬಹುದು. ಮೊದಲಿಗೆ ತಣ್ಣನೆಯ ಗಂಜಿ, ಮೊಸರನ್ನ, ಬೇಯಿಸಿ ಹಿಸುಕಿದ ಬಾಳೆಕಾಯಿ, ಆಮೇಲೆ ಮೆಲ್ಲಗೆ ಎಂದಿನ ಊಟ. ಲಿವರ್ ರೋಗಿಗೆ ಬೇಳೆ, ಮೊಟ್ಟೆ, ಮೀನು ಕೊಡಬಾರದು ಎಂಬುದು ಹಳೆಯ ತಪ್ಪು ತಿಳಿವಳಿಕೆ. ಸಿರೋಸಿಸ್‌ನಲ್ಲಿ ಮೈಯ ಮಾಂಸ ಕರಗುತ್ತಿರುತ್ತದೆ, ಪ್ರೋಟೀನು ಉಳಿದವರಿಗಿಂತ ಹೆಚ್ಚೇ ಬೇಕು. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಬೇಕು, ಬೆಳಗಿನ ತನಕ ಹೊಟ್ಟೆ ಖಾಲಿ ಬಿಡಬಾರದು. ಹೊಟ್ಟೆಯಲ್ಲಿ ನೀರಿದ್ದವರು ಉಪ್ಪು ಕಡಿಮೆ ಮಾಡಬೇಕು, ಅಂದರೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ದೂರ. ವಯನಾಡಿನ ಮಳೆಗಾಲದಲ್ಲಿ ಒಣಮೀನಿಲ್ಲದೆ ಗಂಜಿ ಇಳಿಯುವುದು ಕಷ್ಟವೆಂದು ನನಗೂ ಗೊತ್ತು.

ಮೈಕೈ ನೋವಿನ ಮಾತ್ರೆಯ ಬಗ್ಗೆ ಬಿಗಿಯಾಗಿಯೇ ಹೇಳಬೇಕು. ತೋಟದ ಕೆಲಸದವರ ಜೇಬಿನಲ್ಲಿ ಡೈಕ್ಲೊಫೆನಾಕ್, ಇಬುಪ್ರೊಫೆನ್ ಇದ್ದೇ ಇರುತ್ತವೆ. ಈ ಕಾಯಿಲೆಯವರಿಗೆ ಅವು ವಿಷವಿದ್ದಂತೆ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ, ರಕ್ತ ಸೋರಲು ದಾರಿ ಮಾಡಿಕೊಡುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ದಿನಕ್ಕೆ 500 ಮಿಲಿಗ್ರಾಮಿನ ನಾಲ್ಕು ಮಾತ್ರೆ ಮೀರದಂತೆ. ಲಿವರಿಗೆ ಒಳ್ಳೆಯದೆಂದು ಕೊಡುವ, ಒಳಗೇನಿದೆ ಎಂದು ಬರೆಯದ ಪುಡಿ, ಕಷಾಯಗಳನ್ನೂ ಡಾಕ್ಟರಿಗೆ ಹೇಳದೆ ಕುಡಿಯಬಾರದು.

ಮೂರನೆಯ ಕೆಲಸ ಕುಡಿತ ಬಿಡುವುದು. ಕುಡಿಯದವರಿಗೂ ಸಿರೋಸಿಸ್ ಬರುತ್ತದೆ. ಒಂದು ತೊಟ್ಟೂ ಮುಟ್ಟದ, ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಹೆಂಗಸರು ಲಿವರ್ ವಾರ್ಡಿನಲ್ಲಿ ಮಲಗಿ, ನೋಡಲು ಬಂದವರ ಕಣ್ಣಿನ ಅನುಮಾನವನ್ನು ನುಂಗಿಕೊಳ್ಳುತ್ತಾರೆ. ಅದು ಅವರಿಗೆ ಮಾಡುವ ದೊಡ್ಡ ಅನ್ಯಾಯ. ಆದರೆ ದೊಡ್ಡಪ್ಪ ಕುಡಿಯುತ್ತಿದ್ದರು. ಮೊದಲ ಸಲ ಆಸ್ಪತ್ರೆಯಿಂದ ಬಂದು ಎರಡು ತಿಂಗಳು ಬಿಟ್ಟಿದ್ದರು, ಆಮೇಲೆ ಒಂದು ಮದುವೆ ಮನೆಯಲ್ಲಿ ಶುರುವಾಯಿತು.

ಕೇರಳದಲ್ಲಿ 1996ರ ಏಪ್ರಿಲ್ 1ರಿಂದ ಸಾರಾಯಿ ನಿಂತಿತು, ಕರ್ನಾಟಕದಲ್ಲಿ 2007ರ ಜುಲೈ 1ರಿಂದ. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಇಲ್ಲಿ ಒಂದು ರಾಜ್ಯದಲ್ಲಿ ಅಂಗಡಿ ಮುಚ್ಚಿದ ದಿನ ಇನ್ನೊಂದು ರಾಜ್ಯದ ಅಂಗಡಿ ನಡೆದು ಹೋಗುವಷ್ಟು ಹತ್ತಿರ. ಕೂಲಿಯ ಜೊತೆಗೇ ಬಾಟಲಿ ಬರುವ ಕಡೆಗಳೂ ಇವೆ. ಬಿಡು ಎಂದು ಬೈಯುವುದು ಸುಲಭ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಹಾಗಾಗಿ ಅದನ್ನು ಡಾಕ್ಟರ ಕಣ್ಣೆದುರೇ ಮಾಡಬೇಕು. ಕುಡಿತ ಬಿಡಿಸಲು ಔಷಧದಂಗಡಿಯಲ್ಲಿ ಸಿಗುವ ಡೈಸಲ್ಫಿರಾಮ್ ಲಿವರ್ ಕೆಟ್ಟವರಿಗೆ ಸಲ್ಲದು. ಬ್ಯಾಕ್ಲೋಫೆನ್‌ನಂಥ, ಸಿರೋಸಿಸ್ ಇದ್ದವರಲ್ಲೇ ಪರೀಕ್ಷೆ ಮಾಡಿದ ಔಷಧಗಳಿವೆ. ಕೇರಳದ ಅಬಕಾರಿ ಇಲಾಖೆ 2016ರಲ್ಲಿ ಆರಂಭಿಸಿದ ವಿಮುಕ್ತಿ ಯೋಜನೆಯಲ್ಲಿ ಜಿಲ್ಲೆಗಳಲ್ಲಿ ಸರ್ಕಾರಿ ವ್ಯಸನಮುಕ್ತಿ ಕೇಂದ್ರಗಳಾಗಿವೆ. ಲಿವರಿನ ಡಾಕ್ಟರು ಚೀಟಿಯಲ್ಲಿ ಮಾತ್ರೆ ಬರೆದಂತೆ ಇಂಥ ಕೇಂದ್ರದ ಹೆಸರನ್ನೂ ಬರೆಯಬೇಕು ಎಂದು ನನ್ನ ಕೋರಿಕೆ. ಕುಡಿತ ಪೂರ್ತಿ ನಿಂತರೆ ಸಿಗುವ ಫಲ ಬೇರೆ ಯಾವ ಚಿಕಿತ್ಸೆಯಲ್ಲೂ ಇಲ್ಲ. ಅಣೆಕಟ್ಟಿನ ಗೇಟೇ ಸ್ವಲ್ಪ ಸಡಿಲಾಗುತ್ತದೆ. ತಿಂಗಳುಗಳಲ್ಲಿ ಪೋರ್ಟಲ್ ಒತ್ತಡ ಇಳಿಯುತ್ತದೆ, ಕೆಲವರಲ್ಲಿ ಹೊಟ್ಟೆಯ ನೀರು ಇಂಗಿ, ಕಾಮಾಲೆ ಇಳಿದು, ಉಬ್ಬು ನಾಳಗಳೂ ಕುಗ್ಗುತ್ತವೆ. ಗಡುಸಾದ ಲಿವರ್ ಹಿಂದಕ್ಕೆ ಬರುವುದೇ ಇಲ್ಲ ಎಂಬ ಹಳೆಯ ಮಾತನ್ನು ವೈದ್ಯರೇ ಈಗ ತಿದ್ದಿಕೊಂಡಿದ್ದಾರೆ.

ಇಷ್ಟು ಮಾಡಿಯೂ ಮತ್ತೆ ರಕ್ತ ಬಂದರೆ ದಾರಿ ಇಲ್ಲವೆಂದಲ್ಲ. ಕುತ್ತಿಗೆಯ ಸಿರೆಯಿಂದ ತಂತಿ ಇಳಿಸಿ ಲಿವರಿನೊಳಗೇ ಒಂದು ಕೊಳವೆ ಕೂರಿಸಿ, ಪೋರ್ಟಲ್ ರಕ್ತವನ್ನು ನೇರ ಹೃದಯದ ಕಡೆಗೆ ಬಿಡುವ ಟಿಪ್ಸ್ ಎಂಬ ಚಿಕಿತ್ಸೆಯಿದೆ, ಅಣೆಕಟ್ಟಿನ ಪಕ್ಕದಲ್ಲೇ ಕಾಲುವೆ ಕಡಿದ ಹಾಗೆ. ಜರ್ಮನಿಯ ಫ್ರೈಬುರ್ಗಿನಲ್ಲಿ 1988ರಲ್ಲಿ ಮೊದಲಾಯಿತು. ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳ ಕೆಲಸ ಅದು. ಲಿವರ್ ಬದಲಿ ಕೊನೆಯ ಮಾತು.

ವಯನಾಡಿನಂಥ ಕಡೆ ಇದೆಲ್ಲ ಇನ್ನೂ ಬಿಗಿಯಾಗುವುದು ರಸ್ತೆಯಿಂದ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಬರುವ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸ್ ಬಿಡುತ್ತಾರೆ, ಸ್ವಂತ ಗಾಡಿ ಬಿಡುವುದಿಲ್ಲ. ನಾಗರಹೊಳೆಯೊಳಗಿನ ಬಾವಲಿ ದಾರಿ ಸಂಜೆ ಆರಕ್ಕೇ ಮುಚ್ಚುತ್ತದೆ. ಕುಟ್ಟ, ಗೋಣಿಕೊಪ್ಪದ ದಾರಿ ತೆರೆದಿರುತ್ತದೆ, ಸುತ್ತು ಹೆಚ್ಚು. ಕಾಡಿನ ಪ್ರಾಣಿಗಳಿಗೂ ರಾತ್ರಿ ಬೇಕು, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಪಶ್ಚಿಮಕ್ಕೆ ಇಳಿದರೆ ಘಾಟಿ. ಕಲ್ಪೆಟ್ಟದಿಂದ ಕೋಯಿಕ್ಕೋಡಿಗೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಮಾನಂತವಾಡಿಯಿಂದ ಇನ್ನೂ ದೂರ, ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಬಂದ್. 2021ರಲ್ಲಿ ಮಾನಂತವಾಡಿಯ ಜಿಲ್ಲಾ ಆಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ದರ್ಜೆಗೇರಿತು. ಬೆಟ್ಟದ ಮೇಲೆಯೇ, ವಾರದ ಯಾವ ದಿನ ಹೋದರೂ ಬ್ಯಾಂಡ್ ಹಾಕುವ ನುರಿತ ಕೈ ಸಿಗುವಂತಾಗಬೇಕು. ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ ಎಂಬ ಸೂತ್ರವನ್ನು ಬರೆದವರು ರಸ್ತೆಗೆ ಗೇಟು ಹಾಕುವ ಊರನ್ನು ಕಂಡವರಲ್ಲ. ಆದ್ದರಿಂದಲೇ ಬೆಂಗಳೂರಿನ ರೋಗಿಗಿಂತ ವಯನಾಡಿನ ತಿರುನೆಲ್ಲಿಯ ರೋಗಿಗೆ ಆ ಎರಡು ಹೊತ್ತಿನ ಮಾತ್ರೆ ಹೆಚ್ಚು ಬೆಲೆಯದು. ರಾತ್ರಿಯ ರಸ್ತೆ ನಮ್ಮ ಕೈಯಲ್ಲಿಲ್ಲ, ಮಾತ್ರೆಯ ಡಬ್ಬಿ ಇದೆ.

ಭಾಷೆಯದೂ ಒಂದು ಗೇಟು. 2011ರ ಜನಗಣತಿಯಂತೆ ಜಿಲ್ಲೆಯ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು. ಬೆಟ್ಟಕುರುಬರ, ಕಾಟ್ಟುನಾಯ್ಕರ, ಅಡಿಯರ ಹಾಡಿಗಳಲ್ಲಿ ಆಡುವ ಮಾತುಗಳಿಗೆ ಕನ್ನಡದ ನಂಟು ದಟ್ಟವಾಗಿದೆ. ಜೈನರ ಹಳೆಯ ಮನೆಗಳಲ್ಲಿ, ಗಡಿಯಂಚಿನ ಸಣ್ಣ ಊರುಗಳಲ್ಲಿ ಕನ್ನಡವೇ ಇದೆ. ಸುಲ್ತಾನ್ ಬತ್ತೇರಿಗೇ ಹಿಂದೆ ಹನ್ನೆರಡು ಬೀದಿ ಎಂಬ ಕನ್ನಡದ ಹೆಸರಿತ್ತೆಂದು ಹೇಳುತ್ತಾರೆ. ಇವರೆಲ್ಲ ಕೈಗೆ ಪಡೆಯುವ ಬಿಡುಗಡೆ ಚೀಟಿ ಇಂಗ್ಲಿಷಿನದು, ವಿವರಣೆ ಅವಸರದ ಮಲಯಾಳದ್ದು. ಆಶಾ ಕಾರ್ಯಕರ್ತೆಯರು, ಬುಡಕಟ್ಟು ಇಲಾಖೆಯ ಪ್ರಮೋಟರುಗಳು ಹಾಡಿ ಹಾಡಿಗೂ ನಡೆದು ಹೋಗುತ್ತಾರೆ. ರಕ್ತ ಕಾರಿಕೊಂಡು ಬದುಕಿ ಬಂದವರ ಹೆಸರು, ಮುಂದಿನ ಬ್ಯಾಂಡಿನ ತಾರೀಕು ಅವರ ಪುಸ್ತಕದಲ್ಲಿ ಇದ್ದರೆ, ಬಸುರಿಯರನ್ನು ಕರೆದೊಯ್ಯುವಂತೆ ಇವರನ್ನೂ ಕರೆದೊಯ್ಯಬಹುದು.

ಮನೆಯವರು ಕಣ್ಣಿಡಬೇಕಾದ್ದು ಇಷ್ಟು: ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯೊಡನೆ ಬಂದರೆ ಅದು ಒಳಗೆ ಸೋರಿದ ರಕ್ತ. ಕಬ್ಬಿಣಾಂಶದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅನುಮಾನವಿದ್ದರೆ ಆಸ್ಪತ್ರೆಗೇ ಹೋಗಬೇಕು. ಎದ್ದರೆ ಕಣ್ಣು ಕತ್ತಲೆ, ತಣ್ಣನೆಯ ಬೆವರು, ಹಗಲು ನಿದ್ದೆ ರಾತ್ರಿ ಎಚ್ಚರ, ಮಾತಿನಲ್ಲಿ ತಡವರಿಕೆ, ಇವೂ ಎಚ್ಚರಿಕೆಯೇ. ಕರುಳಿಗಿಳಿದ ರಕ್ತದಿಂದ ಅಮೋನಿಯಾ ಏರಿ ಮಿದುಳು ಮಂಕಾಗುತ್ತದೆ. ರಕ್ತವಾಂತಿ ಆದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಕರೆ ಮಾಡಿ ಹೊರಡಬೇಕು. ನಿಂತಿತಲ್ಲ, ಬೆಳಗಾಗಲಿ ಎಂದು ಕಾಯಬಾರದು.

ಈಗ ದೊಡ್ಡಪ್ಪನ ಅಡುಗೆಮನೆಯಲ್ಲಿ, ಮಲಯಾಳ ತಿಂಗಳಿನ ಕ್ಯಾಲೆಂಡರಿನ ಪಕ್ಕ ಕನ್ನಡದ ಪಂಚಾಂಗವೂ ತೂಗುತ್ತದೆ. ಎರಡರಲ್ಲೂ ದೊಡ್ಡಮ್ಮ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಮಾತ್ರೆ ನುಂಗಿದ ದಿನಕ್ಕೆ ಚುಕ್ಕೆ, ಬ್ಯಾಂಡಿನ ದಿನಕ್ಕೆ ಸುತ್ತು. ನಾಲ್ಕು ಸುತ್ತಿಗೆ ನಾಳಗಳು ಅಡಗಿವೆ ಎಂದು ಡಾಕ್ಟರು ಹೇಳಿದರು. ಐದನೆಯ ಸುತ್ತು ಇಣುಕಿ ನೋಡುವುದಕ್ಕೆ, ಬರುವ ತಿಂಗಳು. ಮೊನ್ನೆ ಹೋದಾಗ ದೊಡ್ಡಪ್ಪ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದರು. ಮಾತಾಡಿಸಬೇಡ ಎಂದು ದೊಡ್ಡಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ಒಂದು ನಿಮಿಷ ಕಳೆದ ಮೇಲೆ ಅವರು ತಲೆಯೆತ್ತಿದರು. “ಐವತ್ತೆಂಟು,” ಅಂದರು. ದೊಡ್ಡಮ್ಮ ಪೆನ್ಸಿಲು ತೆಗೆದುಕೊಂಡರು.